ಕೊಬ್ಬರಿ ರೇಟು, ಸಂಘದ ಪುಸ್ತಕ, ಅಮೆರಿಕದ ಕಾಲೇಜಿನ ಅರ್ಜಿ: ಚಟುವಟಿಕೆಗಳ ಪಟ್ಟಿ ತುಂಬಿದ ಅನುಭವ

ಸಮಾಜಶಾಸ್ತ್ರ, ಅರ್ಥಶಾಸ್ತ್ರ ಓದಬೇಕು ಅಂತ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕಿದ್ದೆ. ಮಾರ್ಚ್ ಕೊನೆಗೆ ಫಲಿತಾಂಶಗಳೆಲ್ಲ ಬಂದವು. ಬಹಳಷ್ಟು ಕಡೆ ಇಲ್ಲ ಅಂದರು. ಒಂದು ಕಡೆ ವೇಟ್‌ಲಿಸ್ಟ್. ಒಂದು ಸಣ್ಣ ಕಾಲೇಜು ಮಾತ್ರ ಸೀಟು ಕೊಟ್ಟಿತು. ಓದು, ಊಟ, ವಸತಿಯ ಹೆಚ್ಚುಕಡಿಮೆ ಪೂರ್ತಿ ಖರ್ಚನ್ನೂ ತಾನೇ ಹೊರುವುದಾಗಿ ಬರೆಯಿತು.

ನಾನು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯವಳು. ಹತ್ತನೇ ತರಗತಿ ತನಕ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಎಚ್‌ಇಪಿಎಸ್, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಈ ದಾರಿಯಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಂಗೆಡಿಸಿದ್ದು ಪರೀಕ್ಷೆಯಲ್ಲ, ದುಡ್ಡೂ ಅಲ್ಲ. ಪಠ್ಯೇತರ ಚಟುವಟಿಕೆಗಳ ಪಟ್ಟಿ. ಇದರ ಬಗ್ಗೆ ಸಿಕ್ಕ ಬರಹಗಳೆಲ್ಲ ದೊಡ್ಡ ಊರಿನ, ದೊಡ್ಡ ಶಾಲೆಯ ಮಕ್ಕಳಿಗೆ ಬರೆದವು. ನಮ್ಮಂಥವರು ಓದಿದರೆ ‘ಇದು ನಮಗಲ್ಲ’ ಅನಿಸುತ್ತದೆ. ಹಾಗೆ ಅನಿಸಿ ಯಾರೂ ಕೈಬಿಡಬಾರದು ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಶುರುವಾಗಿದ್ದು ಮೊದಲ ಪಿಯುಸಿಯಲ್ಲಿ. ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಮೊದಲು ಗ್ರಂಥಾಲಯ ಅಂತಿದ್ದ ಜಾಗದಲ್ಲಿ, ಕಂಪ್ಯೂಟರ್ ಇತ್ತು. ಅಲ್ಲಿ ಕೂತು ಎಜುಕೇಶನ್‌ಯುಎಸ್‌ಎ ನಡೆಸುವ ಆನ್‌ಲೈನ್ ಮಾಹಿತಿ ಸಭೆ ಕೇಳಿದೆ. ಇದು ಅಮೆರಿಕ ಸರ್ಕಾರದ ಬೆಂಬಲದಿಂದ ನಡೆಯುವ ಸಲಹಾ ಜಾಲ. ಮಾಹಿತಿಗೆ ದುಡ್ಡು ತಗೊಳ್ಳುವುದಿಲ್ಲ. ಅಲ್ಲೇ ಮೊದಲ ಸಲ ಗೊತ್ತಾಗಿದ್ದು: ಕೆಲವು ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳನ್ನು ಆಯ್ಕೆ ಮಾಡುವಾಗಲೂ ಮನೆಯ ಹಣಕಾಸು ನೋಡುವುದಿಲ್ಲ, ಆಯ್ಕೆಯಾದರೆ ಬೇಕಾದ ಪೂರ್ತಿ ನೆರವು ಕೊಡುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಮೊದಲಿಂದ ಹೀಗಿವೆ. ಡಾರ್ಟ್‌ಮೌತ್, ಬೋಡನ್ 2022ರಲ್ಲಿ ಸೇರಿಕೊಂಡವು. ಇನ್ನೂ ಹಲವು ಕಾಲೇಜುಗಳು ಹಣಕಾಸು ನೋಡಿಯೇ ಆರಿಸುತ್ತವೆ, ಆದರೆ ಆರಿಸಿದವರಿಗೆ ಪೂರ್ತಿ ನೆರವು ಕೊಡುತ್ತವೆ. ನನಗೆ ಸಿಕ್ಕಿದ್ದು ಇಂಥ ಎರಡನೇ ಬಗೆಯ ಕಾಲೇಜಿನಲ್ಲಿ.

ಅರ್ಜಿ ಹಾಕುವುದು ಕಾಮನ್ ಆ್ಯಪ್ ಅನ್ನುವ ಒಂದೇ ತಾಣದ ಮೂಲಕ. ಒಂದೇ ಅರ್ಜಿಯನ್ನು ಇಪ್ಪತ್ತು ಕಾಲೇಜುಗಳ ತನಕ ಕಳಿಸಬಹುದು. ಅದರಲ್ಲಿ ಚಟುವಟಿಕೆಗಳಿಗೆ ಹತ್ತು ಜಾಗ. ಪ್ರತಿಯೊಂದಕ್ಕೂ ನಿಮ್ಮ ಪಾತ್ರ ಬರೆಯಲು 50 ಅಕ್ಷರ, ಸಂಸ್ಥೆಯ ಹೆಸರಿಗೆ 100, ವಿವರಕ್ಕೆ 150. ಪದ ಅಲ್ಲ, ಅಕ್ಷರ. ಖಾಲಿ ಜಾಗ, ಚುಕ್ಕಿ, ಅಲ್ಪವಿರಾಮ ಎಲ್ಲ ಲೆಕ್ಕಕ್ಕೆ. ಜೊತೆಗೆ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತಲೂ ಹಾಕಬೇಕು. ಒಂಬತ್ತನೇ ತರಗತಿಯಿಂದ ಎರಡನೇ ಪಿಯುಸಿ ತನಕ ಮಾಡಿದ್ದಷ್ಟೇ ಲೆಕ್ಕ.

ಇದನ್ನು ನೋಡಿದ ದಿನ ಎದೆ ಧಸಕ್ಕೆಂದಿತು. ನಾನು ಏನು ಮಾಡಿದ್ದೇನೆ ಅಂತ ಹತ್ತು ಬರೆಯಲಿ? ಪ್ರತಿಭಾ ಕಾರಂಜಿಯಲ್ಲಿ ಚರ್ಚಾಸ್ಪರ್ಧೆ, ಎನ್‌ಎಸ್‌ಎಸ್ ಶಿಬಿರ, ಅಷ್ಟೇ. ಮಾಡೆಲ್ ಯುಎನ್ ಅಂತ ಬೆಂಗಳೂರಿನ ಶಾಲೆಗಳಲ್ಲಿ ನಡೆಯುತ್ತದಂತೆ. ಮಕ್ಕಳು ಒಂದೊಂದು ದೇಶದ ಪ್ರತಿನಿಧಿಯಾಗಿ ವಿಶ್ವಸಂಸ್ಥೆಯ ಮಾದರಿಯಲ್ಲಿ ಚರ್ಚೆ ಮಾಡುತ್ತಾರೆ. ಅದಕ್ಕೆ ಪ್ರವೇಶ ಶುಲ್ಕ, ಬಸ್ಸು, ಉಳಿಯುವ ಖರ್ಚು ಬೇರೆ. ಸಮಾಜ ವಿಜ್ಞಾನಕ್ಕೆ ಅರ್ಜಿ ಹಾಕುವವರಿಗೆ ಇದು ಇರಲೇಬೇಕು ಅಂತ ಎಲ್ಲರೂ ಹೇಳುತ್ತಿದ್ದರು.

ಒಂದು ಖಾಸಗಿ ಸಲಹಾ ಸಂಸ್ಥೆಗೂ ಫೋನ್ ಮಾಡಿದೆವು. ಹೆಸರು ಬೇಡ. ಅವರು ಹೇಳಿದ್ದು ಇಷ್ಟು: ವಿದೇಶದ ಪ್ರೊಫೆಸರ್ ಕೈಕೆಳಗೆ ಆನ್‌ಲೈನ್‌ನಲ್ಲಿ ಸಂಶೋಧನಾ ಲೇಖನ ಮಾಡಿಸುತ್ತೇವೆ, ಒಂದು ಎನ್‌ಜಿಒ ಶುರು ಮಾಡಿಸುತ್ತೇವೆ, ಅದಕ್ಕೆ ವೆಬ್‌ಸೈಟ್ ಮಾಡಿಕೊಡುತ್ತೇವೆ. ಮೊತ್ತ ಲಕ್ಷಗಳಲ್ಲಿತ್ತು. ಆ ರಾತ್ರಿ ಅಪ್ಪ ಊಟ ಮಾಡುತ್ತಾ, “ಅಟ್ಟದಾಗಿರೋ ಕಾಯಿ ಒಡೆಸಿ ಮಾರೋಣ ಬಿಡು, ರೇಟು ಏರ್ತಾ ಐತೆ” ಅಂದರು. ನನಗೆ ಗಂಟಲು ಕಟ್ಟಿತು. ಬೇಡ ಅಂದೆ. ಹಾಗಂದಿದ್ದು ಸರಿ ಅಂತ ಇವತ್ತು ಖಚಿತವಾಗಿ ಹೇಳಬಲ್ಲೆ. ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರಿಗೂ ಕೈಮುಗಿದು ಹೇಳುತ್ತೇನೆ: ದುಡ್ಡು ಕೊಟ್ಟು ಚಟುವಟಿಕೆ ಕೊಳ್ಳಬೇಡಿ.

ದಾರಿ ತೋರಿಸಿದ್ದು ನಮ್ಮ ಸಮಾಜಶಾಸ್ತ್ರದ ಮೇಷ್ಟ್ರು. ನಾನು ಸಪ್ಪಗೆ ಕೂತಿದ್ದನ್ನು ನೋಡಿ, “ನೀನು ಅಮ್ಮನ ಸಂಘದ ಲೆಕ್ಕ ಬರೀತೀಯಲ್ಲ, ಅದು ಏನಂದ್ಕೊಂಡಿದೀಯಾ?” ಅಂತ ಕೇಳಿದರು.

ಅಮ್ಮ ಸ್ತ್ರೀಶಕ್ತಿ ಸಂಘದ ಸದಸ್ಯೆ. ಅಲ್ಲಿ ಓದು ಬರಹ ಚೆನ್ನಾಗಿ ಬರುತ್ತಿದ್ದವರು ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ, ಎಂಟನೇ ತರಗತಿಯಿಂದ ಪುಸ್ತಕ ನನ್ನ ಕೈಗೆ ಬಂದಿತ್ತು. ಉದ್ದನೆಯ ರಟ್ಟಿನ ಪುಸ್ತಕ. ಎಡಕ್ಕೆ ಹೆಸರು. ಆಮೇಲೆ ಉಳಿತಾಯ, ಸಾಲ, ಅಸಲು ವಾಪಸು, ಬಡ್ಡಿ, ದಂಡ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ಸಭೆಗೆ ತಡವಾಗಿ ಬಂದರೆ ಐದು ರೂಪಾಯಿ ದಂಡ. ಕೊನೆಯ ಕಾಲಂ ‘ಷರಾ’. ಅಲ್ಲಿ ಸಾಲ ಯಾಕೆ ಅಂತ ಎರಡೇ ಪದದಲ್ಲಿ ಬರೆಯುತ್ತಿದ್ದೆ: ಹಸು ತರಲು, ಮಗಳ ಬಾಣಂತನ, ಬೋರಿನ ಮೋಟರು, ಶಾಲೆ ಫೀಸು.

ಮೇಷ್ಟ್ರು ಆ ಪುಸ್ತಕ ತರಿಸಿಕೊಂಡು ಷರಾ ಕಾಲಂ ಮೇಲೆ ಬೆರಳಿಟ್ಟರು. “ಕೊಬ್ಬರಿ ರೇಟು ಬಿದ್ದ ವರ್ಷ ಇಲ್ಲಿ ಏನಾಗಿದೆ ನೋಡು” ಅಂದರು.

ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಎಲ್ಲರಿಗೂ ಗೊತ್ತಿರುವುದೇ. ನಮ್ಮಲ್ಲಿ ಕಾಯನ್ನು ಅಟ್ಟದಲ್ಲಿ ವರ್ಷದ ತನಕ ಒಣಗಲು ಬಿಟ್ಟು, ಆಮೇಲೆ ಸುಲಿದು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ಹಾಗಾಗಿ ಕಾಯಿ ಅಟ್ಟಕ್ಕೆ ಹಾಕುವಾಗ ಇರುವ ರೇಟಿಗೂ ಮಾರುವಾಗಿನ ರೇಟಿಗೂ ಸಂಬಂಧ ಇರುವುದಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು. ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹೋಯಿತು. 2024ರ ಶುರುವಿನಲ್ಲಿ ಬೆಂಬಲ ಬೆಲೆಗೆ ಕೊಳ್ಳುವ ಕೇಂದ್ರದ ಸಂಸ್ಥೆ ನಾಫೆಡ್‌ನ ಖರೀದಿಗೆ ಹೆಸರು ನೋಂದಾಯಿಸಲು ರೈತರು ಸಾಲು ನಿಂತಿದ್ದು ನನಗೆ ಚೆನ್ನಾಗಿ ನೆನಪಿದೆ. ಆಗ ನನ್ನದು ಎಸ್ಸೆಸ್ಸೆಲ್ಸಿ. ಪಹಣಿ, ಆಧಾರ್, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಬ್ಯಾಂಕ್ ಪಾಸ್‌ಬುಕ್ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ತಾತನ ಜೊತೆ ನಾನೂ ನಿಂತಿದ್ದೆ. ಆ ಸಾಲಿನಲ್ಲಿ ಹೆಂಗಸರು ಎಷ್ಟು ಕಡಿಮೆ ಅಂತ ಆಗಲೇ ಕಣ್ಣಿಗೆ ಬಿದ್ದಿತ್ತು.

ಮೊದಲ ಪಿಯುಸಿಯ ದಸರಾ ರಜೆಯಲ್ಲಿ ಕೆಲಸ ಶುರು ಮಾಡಿದೆ. ಸಂಘದ ಪುಸ್ತಕದ ಸಾಲಗಳನ್ನು ತಿಂಗಳ ಪ್ರಕಾರ ಒಂದು ಕಡೆ, ಎಪಿಎಂಸಿಯ ಕೊಬ್ಬರಿ ರೇಟು ಒಂದು ಕಡೆ ಬರೆದೆ. ರೇಟು ಬಿದ್ದ ತಿಂಗಳುಗಳಲ್ಲಿ ಷರಾ ಕಾಲಂ ಬದಲಾಗಿತ್ತು. ಹಸು, ಮೋಟರು ಹೋಗಿ ಫೀಸು, ಆಸ್ಪತ್ರೆ, ರೇಷನ್ ಬಂದಿದ್ದವು. ಇಷ್ಟು ಪುಸ್ತಕವೇ ಹೇಳುತ್ತಿತ್ತು. ಯಾಕೆ ಅನ್ನುವುದನ್ನು ಮನೆಮನೆಗೆ ಹೋಗಿ ಕೇಳಬೇಕಿತ್ತು.

ಇಲ್ಲಿ ಒಂದು ಮಾತು ಮುಖ್ಯ. ಬೇರೆಯವರ ಸಾಲದ ಲೆಕ್ಕ ನಮ್ಮದಲ್ಲ. ಸಂಘದ ಸಭೆಯಲ್ಲಿ ಎದ್ದು ನಿಂತು ಏನು ಮಾಡುತ್ತೇನೆ, ಯಾಕೆ ಮಾಡುತ್ತೇನೆ ಅಂತ ಹೇಳಿದೆ. ನಮ್ಮ ದೊಡ್ಡಮ್ಮನೇ ಎಲ್ಲರಿಗಿಂತ ಮುಂಚೆ, “ನಮ್ಮ ಸಾಲ ಅಮೆರಿಕದೋರಿಗೆ ಯಾಕವ್ವ?” ಅಂದರು. ಅದು ನ್ಯಾಯವಾದ ಪ್ರಶ್ನೆ. ಹೆಸರು ಎಲ್ಲೂ ಬರುವುದಿಲ್ಲ, ಬೇಡ ಅಂದವರ ಮನೆಯದನ್ನು ಬಿಟ್ಟುಬಿಡುತ್ತೇನೆ, ಬರೆದದ್ದನ್ನು ಮೊದಲು ನಿಮಗೇ ಓದಿ ಹೇಳುತ್ತೇನೆ ಅಂದೆ. ಅವರೆಲ್ಲ ಮಾತಾಡಿಕೊಂಡು ನಡಾವಳಿ ಪುಸ್ತಕದಲ್ಲೇ ಠರಾವು ಬರೆಸಿ, ಸಹಿ, ಹೆಬ್ಬೆಟ್ಟು ಹಾಕಿದರು. ಒಬ್ಬರು ಬೇಡ ಅಂದರು, ಅವರ ಲೆಕ್ಕ ತೆಗೆದೆ. ನೀವು ಇಂಥ ಕೆಲಸ ಮಾಡುವುದಾದರೆ ಒಪ್ಪಿಗೆ ಪಡೆಯುವ ಈ ಹೆಜ್ಜೆಯನ್ನು ಬಿಡಬೇಡಿ. ಆಮೇಲೆ ಸಂದರ್ಶನದಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ ಇದು.

ಮನೆಗಳಿಗೆ ಹೋಗುತ್ತಿದ್ದದ್ದು ಸಂಜೆ, ಡೈರಿಗೆ ಹಾಲು ಹಾಕಿ ಬಂದ ಮೇಲೆ. ಪ್ರಶ್ನೆ ಒಂದೇ: ಕೊಬ್ಬರಿ ದುಡ್ಡು ಕಡಿಮೆಯಾದಾಗ ಮನೆಯಲ್ಲಿ ಮೊದಲು ಯಾವ ಖರ್ಚು ನಿಲ್ಲುತ್ತದೆ? ಉತ್ತರ ಹೇಳುತ್ತಾ ಒಬ್ಬರು, “ಕೊಬ್ಬರಿ ದುಡ್ಡು ಗಂಡಸರ್ದು ಕಣವ್ವ, ಹಾಲಿನ ದುಡ್ಡು ನಮ್ದು” ಅಂದರು. ಆಮೇಲೆ ಬೇರೆ ಬೇರೆ ಮನೆಯಲ್ಲಿ ಬೇರೆ ಬೇರೆ ಮಾತಿನಲ್ಲಿ ಅದನ್ನೇ ಕೇಳಿದೆ. ಪಹಣಿ ಗಂಡನ ಹೆಸರಲ್ಲಿ, ಕೊಬ್ಬರಿ ದುಡ್ಡು ಬೀಳುವುದು ಅವರ ಖಾತೆಗೆ. ಡೈರಿಯ ಬಟವಾಡೆ ಮಾತ್ರ ಹೆಂಗಸರ ಕೈಗೆ. ಸಂಘದ ಕಂತು ಕಟ್ಟುವುದು ಆ ಬಟವಾಡೆಯಿಂದ. ಕೊಬ್ಬರಿ ಬಿದ್ದಾಗ ಮಕ್ಕಳ ಫೀಸೂ ಹಾಲಿನ ದುಡ್ಡಿನ ಮೇಲೆ ಬೀಳುತ್ತದೆ, ಆಗ ಕಂತು ತಪ್ಪುತ್ತದೆ, ದಂಡ ಬೀಳುತ್ತದೆ. ನಾನು ವರ್ಷಗಟ್ಟಲೆ ದಂಡದ ಕಾಲಂ ತುಂಬಿದ್ದೆ. ಅದರ ಹಿಂದೆ ಇಷ್ಟು ಕಥೆ ಇದೆ ಅಂತ ಗೊತ್ತಾದಾಗ ನನಗೆ ಓದಬೇಕಾದ್ದು ಇದೇ ಅಂತ ತೀರ್ಮಾನವಾಯಿತು.

ಬೆಂಬಲ ಬೆಲೆ ಖರೀದಿಗೆ ನಮ್ಮ ತಾಲ್ಲೂಕಿನಲ್ಲಿ ಎಷ್ಟು ಹೆಂಗಸರು ತಮ್ಮ ಹೆಸರಲ್ಲಿ ನೋಂದಾಯಿಸಿದ್ದಾರೆ ಅಂತ ತಿಳಿಯಲು ಆರ್‌ಟಿಐ ಅರ್ಜಿ ಹಾಕಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನ. ಆ 30 ದಿನ ಕಳೆದರೂ ಕಚೇರಿಯಿಂದ ಏನೂ ಬರಲಿಲ್ಲ. ಮೇಲ್ಮನವಿ ಹಾಕಿದ ಮೇಲೆ ಒಂದು ಪತ್ರ ಬಂತು: ಗಂಡಸರು ಹೆಂಗಸರು ಅಂತ ಬೇರೆ ಮಾಡಿದ ಲೆಕ್ಕ ನಮ್ಮಲ್ಲಿಲ್ಲ. ತುಂಬಾ ನಿರಾಸೆಯಾಯಿತು. ಮೇಷ್ಟ್ರು, “ಲೆಕ್ಕ ಇಟ್ಟಿಲ್ಲ ಅನ್ನೋದೂ ಒಂದು ಮಾಹಿತಿ, ಪತ್ರ ಲಗತ್ತಿಸು” ಅಂದರು. ಹಾಗೇ ಮಾಡಿದೆ.

ಬೇಸಿಗೆ ರಜೆಯಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಒಂದು ಚಿಕ್ಕ ವರದಿಯಾಗಿ ಬರೆದು ಸಂಘದಲ್ಲಿ ಓದಿದೆ. ಕೇಳಿದ ಮೇಲೆ ಅವರೇ ಚರ್ಚೆ ಮಾಡಿ, ಕಂತಿನ ದಿನವನ್ನು ಡೈರಿ ಬಟವಾಡೆಯ ಮರುದಿನಕ್ಕೆ ಬದಲಾಯಿಸಿಕೊಂಡರು. ಈಗ ದಂಡದ ಕಾಲಂ ಹೆಚ್ಚುಕಡಿಮೆ ಖಾಲಿ. ಒಂದು ಪ್ರತಿ ಪಂಚಾಯಿತಿಗೂ ಕೊಟ್ಟೆ.

2025ರ ಆಗಸ್ಟ್ 1ಕ್ಕೆ ಆ ವರ್ಷದ ಅರ್ಜಿ ತೆರೆಯಿತು. ಈಗ ಪಟ್ಟಿಯ ಮುಂದೆ ಕೂತಾಗ ಮೊದಲಿನ ಭಯ ಇರಲಿಲ್ಲ. ಚಟುವಟಿಕೆಯ ಬಗೆ ಆರಿಸುವ ಜಾಗದಲ್ಲಿ ಕ್ರೀಡೆ, ಸಂಗೀತ, ಸಂಶೋಧನೆ, ಸಮುದಾಯ ಸೇವೆ, ಸಂಬಳದ ಕೆಲಸ ಇದ್ದ ಹಾಗೆಯೇ ‘ಕುಟುಂಬದ ಜವಾಬ್ದಾರಿ’ ಅಂತಲೂ ಇದೆ. ಇದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಹಾಲು ಕರೆಯುವುದು, ಅಜ್ಜಿಗೆ ಇನ್ಸುಲಿನ್ ಕೊಡುವುದು, ತಮ್ಮನಿಗೆ ಪಾಠ ಹೇಳುವುದು, ತೋಟಕ್ಕೆ ನೀರು ಕಟ್ಟುವುದು ಎಲ್ಲ ಅಲ್ಲಿ ಬರೆಯಬಹುದು. ನಾನು ಬರೆದೆ. ವಾರಕ್ಕೆ ಗಂಟೆ ಎಷ್ಟು ಅಂತ ಕೂಡಿದಾಗ ಅದೇ ಎಲ್ಲಕ್ಕಿಂತ ದೊಡ್ಡ ಸಂಖ್ಯೆಯಾಯಿತು.

ಮೊದಲ ಜಾಗದಲ್ಲಿ ಕೊಬ್ಬರಿ ಅಧ್ಯಯನ. ಎರಡನೆಯದು ಸಂಘದ ಲೆಕ್ಕ. ಆಮೇಲೆ ಮಕ್ಕಳ ಗ್ರಾಮಸಭೆ. ಕರ್ನಾಟಕದ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ, ಹೆಚ್ಚಾಗಿ ನವೆಂಬರ್ ಹೊತ್ತಿಗೆ, ಇದು ನಡೆಯುತ್ತದೆ. ಒಂಬತ್ತನೇ ತರಗತಿಯಲ್ಲಿದ್ದಾಗ ಸಂಜೆ ಬಸ್ಸಿನ ಸಮಯ ಶಾಲೆ ಬಿಡುವ ಸಮಯಕ್ಕೆ ಹೊಂದುವುದಿಲ್ಲ ಅಂತ ನಾನು ಅಲ್ಲಿ ಎದ್ದು ಕೇಳಿದ್ದೆ, ಮುಂದಿನ ವರ್ಷ ಮತ್ತೆ ಕೇಳಿದ್ದೆ. ರಾಜ್ಯಶಾಸ್ತ್ರ ಓದಬೇಕು ಅನ್ನುವವರಿಗೆ ಇದಕ್ಕಿಂತ ನೇರವಾದ ಅನುಭವ ಎಲ್ಲಿ ಸಿಗುತ್ತದೆ ಹೇಳಿ. ಶಾಲೆಗೆ ಮಕ್ಕಳ ಗ್ರಾಮಸಭೆಯ ನೋಟಿಸು ಬಂದರೆ ಸುಮ್ನೆ ಕೂರಬೇಡಿ, ಪ್ರಶ್ನೆ ಬರೆದುಕೊಂಡು ಹೋಗಿ. ಆಮೇಲೆ ಉತ್ತರ ಏನಾಯಿತು ಅಂತ ಬೆನ್ನು ಹತ್ತಿ. ಅರಿವು ಕೇಂದ್ರದಲ್ಲಿ ಚಿಕ್ಕ ಮಕ್ಕಳಿಗೆ ಕಥೆ ಓದುವುದು, ಚರ್ಚಾಸ್ಪರ್ಧೆ, ಎನ್‌ಎಸ್‌ಎಸ್ ಕೊನೆಗೆ ಬಂದವು. ಹತ್ತೂ ತುಂಬಲೇಬೇಕು ಅಂತಿಲ್ಲ. ನನ್ನದು ತುಂಬಲಿಲ್ಲ.

ಕಷ್ಟ ಆಗಿದ್ದು 150 ಅಕ್ಷರ. ಇಂಗ್ಲಿಷಿನಲ್ಲಿ ಬರೆದು ಬರೆದು ಅಳಿಸಿದೆ. ‘ಗ್ರಾಮೀಣ ಮಹಿಳೆಯರ ಸಬಲೀಕರಣಕ್ಕಾಗಿ ಶ್ರಮಿಸಿದೆ’ ಅನ್ನುವಂಥ ವಾಕ್ಯಗಳನ್ನೆಲ್ಲ ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದರು. “ಏನು ಮಾಡಿದೆ, ಏನು ಸಿಕ್ತು, ಏನು ಬದಲಾಯ್ತು, ಇಷ್ಟೇ ಬರಿ” ಅಂದರು. ಕೊನೆಗೆ ಉಳಿದಿದ್ದರ ಅರ್ಥ ಹೀಗಿತ್ತು: ಸಂಘದ ಸಾಲಗಳನ್ನು ಕೊಬ್ಬರಿ ದರದ ಜೊತೆ ಹೋಲಿಸಿದೆ, ಸದಸ್ಯೆಯರನ್ನು ಮಾತಾಡಿಸಿದೆ, ಕಂತಿನ ದಿನ ಬದಲಾಯಿತು. ವಿಶೇಷಣ ಒಂದೂ ಇಲ್ಲ. ಬಾಕಿ ವಿವರ ಬರೆಯಲು ‘ಹೆಚ್ಚುವರಿ ಮಾಹಿತಿ’ ಅಂತ ಒಂದು ಜಾಗ ಇದೆ. 2025ರ ಅರ್ಜಿಯಿಂದ ಅದನ್ನು 650 ಪದದಿಂದ 300ಕ್ಕೆ ಇಳಿಸಿದ್ದಾರೆ. ಹಳೆಯ ಸಲಹೆ ಓದಿ ಉದ್ದ ಬರೆದುಕೊಂಡು ಕೂರಬೇಡಿ. ಪ್ರಬಂಧ ಬೇರೆ, ಅದಕ್ಕೆ 650 ಪದದ ಮಿತಿ.

ಇನ್ನೊಂದು ವಿಷಯ ನಮ್ಮವರಿಗೆ ನಂಬಲು ಕಷ್ಟ. ಈ ಪಟ್ಟಿಗೆ ಸರ್ಟಿಫಿಕೇಟ್ ಲಗತ್ತಿಸುವ ಜಾಗವೇ ಇಲ್ಲ. ನಾವು ಚಿಕ್ಕಂದಿನಿಂದ ಪ್ರತಿ ಸ್ಪರ್ಧೆಯ ಪ್ರಮಾಣಪತ್ರವನ್ನೂ ಫೈಲಿನಲ್ಲಿ ಜೋಡಿಸುತ್ತೇವೆ. ದುಡ್ಡಿಗೆ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಕೊಡುವವರೂ ಇದ್ದಾರೆ. ಅದರಿಂದ ಇಲ್ಲಿ ಪ್ರಯೋಜನವಿಲ್ಲ. ನೀವು ಬರೆದದ್ದಕ್ಕೆ ಶಿಕ್ಷಕರ ಪತ್ರ, ಪ್ರಬಂಧ, ಸಂದರ್ಶನ ಹೊಂದಬೇಕು. ಗಂಟೆ, ವಾರಗಳನ್ನೂ ಪ್ರಾಮಾಣಿಕವಾಗಿ ಹಾಕಿ. ನಾನು ಸುಗ್ಗಿ, ಪರೀಕ್ಷೆಯ ವಾರಗಳನ್ನು ಕಳೆದು ಲೆಕ್ಕ ಹಾಕಿದ್ದೆ.

ಪ್ರಬಂಧ ಸ್ಪರ್ಧೆಗಳ ಬಗ್ಗೆಯೂ ಕೇಳುತ್ತಾರೆ. ಜಾನ್ ಲಾಕ್ ಸಂಸ್ಥೆಯ ಸ್ಪರ್ಧೆಯಲ್ಲಿ ರಾಜಕೀಯ, ಅರ್ಥಶಾಸ್ತ್ರ, ಇತಿಹಾಸ, ಮನಶ್ಶಾಸ್ತ್ರ, ಕಾನೂನು ಎಲ್ಲ ವಿಭಾಗ ಇವೆ. ಸಮಯಕ್ಕೆ ಸರಿಯಾಗಿ ಕಳಿಸಿದರೆ ಶುಲ್ಕವಿಲ್ಲ. ಆಯ್ಕೆಯಾಗಿ ಮುಂದೆ ಅವರ ಬಹುಮಾನ ಕಾರ್ಯಕ್ರಮಕ್ಕೆ ಹೋಗುವುದಾದರೆ ಖರ್ಚಿದೆ. ಆಸಕ್ತಿ ಇದ್ದರೆ ಬರೆಯಿರಿ, ವಾದ ಕಟ್ಟುವ ಅಭ್ಯಾಸವಾಗುತ್ತದೆ. ಇದಿಲ್ಲದೆ ಆಗುವುದೇ ಇಲ್ಲ ಅನ್ನುವುದು ಸುಳ್ಳು.

ಸೆಪ್ಟೆಂಬರ್, ಅಕ್ಟೋಬರ್ ಪೂರ್ತಿ ದಾಖಲೆಗಳಿಗೆ ಹೋಯಿತು. ಒಂಬತ್ತು ಮತ್ತು ಹತ್ತನೇ ತರಗತಿಯ ಅಂಕ ಹಳೆಯ ಶಾಲೆಯಿಂದ, ಮೊದಲ ಪಿಯುಸಿಯದು ಕಾಲೇಜಿನಿಂದ. ಒಂಬತ್ತನೇ ತರಗತಿಯ ಅಂಕಪಟ್ಟಿ ಯಾರೂ ಜೋಪಾನ ಮಾಡಿರುವುದಿಲ್ಲ. ಶಾಲೆಯಲ್ಲಿ ಹಳೆಯ ರಿಜಿಸ್ಟರ್ ಹುಡುಕಿಸಿ ಹೊಸದಾಗಿ ಬರೆಸಿಕೊಳ್ಳಬೇಕಾಯಿತು. ಈಗ ಒಂಬತ್ತರಲ್ಲಿರುವವರು ದಯವಿಟ್ಟು ಆ ಹಾಳೆಯನ್ನು ಎತ್ತಿಡಿ.

‘ಕೌನ್ಸೆಲರ್’ ಅಂತ ಅರ್ಜಿಯಲ್ಲಿ ಒಬ್ಬರನ್ನು ತೋರಿಸಬೇಕು. ನಮ್ಮ ಕಾಲೇಜಿನಲ್ಲಿ ಅಂಥ ಹುದ್ದೆ ಇಲ್ಲ. ಪ್ರಿನ್ಸಿಪಾಲರೇ ಆ ಜಾಗದಲ್ಲಿ ನಿಂತರು. ಅವರಿಗೂ ಇದು ಮೊದಲನೆಯದು. ಕಾಲೇಜು ಎಂಥದ್ದು, ಯಾವ ವಿಷಯಗಳಿವೆ, ಅಂಕ ಹೇಗೆ ಕೊಡುತ್ತಾರೆ ಅಂತ ಒಂದು ಪುಟದ ಪರಿಚಯ ಪತ್ರ ಬೇಕು. ನಾನು ಕರಡು ಮಾಡಿಕೊಟ್ಟೆ, ಅವರು ತಿದ್ದಿ ಲೆಟರ್‌ಹೆಡ್‌ನಲ್ಲಿ ಹಾಕಿದರು. ಮೇಷ್ಟ್ರ ಶಿಫಾರಸು ಪತ್ರದಲ್ಲಿ ಇನ್ನೊಂದು ತೊಡಕು. ಅವರು, “ನಿನ್ನ ಬಗ್ಗೆ ಕನ್ನಡದಲ್ಲೇ ನನಗೆ ಚೆನ್ನಾಗಿ ಬರೆಯೋಕಾಗೋದು” ಅಂದರು. ಕನ್ನಡದಲ್ಲಿ ಬರೆದರು. ಇಂಗ್ಲಿಷ್ ಮೇಡಂ ಅನುವಾದಿಸಿ ಸಹಿ ಹಾಕಿದರು. ಎರಡನ್ನೂ ಒಂದೇ ಕಡತ ಮಾಡಿ ಮೇಷ್ಟ್ರೇ ಅಪ್‌ಲೋಡ್ ಮಾಡಿದರು. ಯಾವ ಕಾಲೇಜೂ ತಕರಾರು ಮಾಡಲಿಲ್ಲ. ಈ ಪತ್ರಗಳನ್ನು ನೋಡುವ ಹಕ್ಕನ್ನು ವಿದ್ಯಾರ್ಥಿ ಬಿಟ್ಟುಕೊಡುವುದು ವಾಡಿಕೆ. ಅದರಲ್ಲಿ ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಹಣಕಾಸು ನೆರವಿಗೆ ಸಿಎಸ್‌ಎಸ್ ಪ್ರೊಫೈಲ್ ಅಂತ ಬೇರೆ ಅರ್ಜಿ. ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಪ್ರತಿಯೊಂದಕ್ಕೂ 16. ನಮಗೆ ಇದು ದೊಡ್ಡ ಮೊತ್ತ. ಕಾಲೇಜುಗಳಿಗೆ ಇಮೇಲ್ ಬರೆದು ಕೇಳಿದರೆ ಕೆಲವರು ಶುಲ್ಕವಿಲ್ಲದ ಬದಲಿ ಅರ್ಜಿ ಕಳಿಸುತ್ತಾರೆ. ಅರ್ಜಿ ಶುಲ್ಕದ ಮನ್ನಾಕ್ಕೂ ಪ್ರಿನ್ಸಿಪಾಲರ ಮೂಲಕ ಕೇಳಬಹುದು. ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳಿ. ನನಗೆ ಬಹುಪಾಲು ಮನ್ನಾ ಆಯಿತು. ನಾಡಕಚೇರಿಯ ಆದಾಯ ಪ್ರಮಾಣಪತ್ರ ಕನ್ನಡದಲ್ಲಿರುತ್ತದೆ. ಅದನ್ನು ಅನುವಾದಿಸಿ ನೋಟರಿ ಮಾಡಿಸಿದೆವು. ಕೃಷಿ ಆದಾಯವನ್ನು ಹೇಗೆ ತೋರಿಸುವುದು ಅನ್ನುವುದು ದೊಡ್ಡ ತಲೆನೋವು. ಅಪ್ಪನಿಗೆ ಸಂಬಳ ಚೀಟಿ ಎಲ್ಲಿಂದ ಬರಬೇಕು? ಎಪಿಎಂಸಿ ಮಾರಾಟದ ಚೀಟಿಗಳು, ಡೈರಿ ಬಟವಾಡೆ ಪುಸ್ತಕ, ಪಹಣಿ ಎಲ್ಲ ಸೇರಿಸಿ, ಕೊಬ್ಬರಿ ರೇಟು ವರ್ಷದಿಂದ ವರ್ಷಕ್ಕೆ ಹೇಗೆ ಏರುಪೇರಾಗುತ್ತದೆ ಅಂತ ಒಂದು ಪುಟ ಬರೆದು ಜೋಡಿಸಿದೆ. 2025ರಲ್ಲಿ ಕ್ವಿಂಟಲಿಗೆ 20,000 ದಾಟಿದ್ದರಿಂದ ಆ ಒಂದು ವರ್ಷದ ಚೀಟಿ ನೋಡಿದರೆ ನಾವು ಶ್ರೀಮಂತರಂತೆ ಕಾಣುತ್ತಿದ್ದೆವು. ಹಿಂದಿನ ವರ್ಷಗಳದ್ದನ್ನೂ ಇಟ್ಟಿದ್ದು ಒಳ್ಳೆಯದಾಯಿತು.

ಪಾವತಿ ಮಾಡಲು ಹೋದರೆ ಅಪ್ಪನ ಡೆಬಿಟ್ ಕಾರ್ಡ್ ವಿದೇಶಿ ವಹಿವಾಟಿಗೆ ತೆರೆದಿರಲಿಲ್ಲ. ಬ್ಯಾಂಕಿಗೆ ಹೋಗಿ ಅದನ್ನು ಚಾಲೂ ಮಾಡಿಸಬೇಕು. ಗಡುವಿನ ವಾರಕ್ಕೆ ಇದನ್ನು ಇಟ್ಟುಕೊಳ್ಳಬೇಡಿ.

ಇಂಗ್ಲಿಷ್ ಪರೀಕ್ಷೆಗೆ ಡ್ಯುಯೊಲಿಂಗೊ ಆರಿಸಿಕೊಂಡೆ, ಆಗ 70 ಡಾಲರ್ ಇತ್ತು. ಮನೆಯಲ್ಲೇ ಬರೆಯಬಹುದು, ಸುಮಾರು ಒಂದು ಗಂಟೆ, ಎರಡು ದಿನದೊಳಗೆ ಅಂಕ ಬರುತ್ತದೆ. ಆದರೆ ಕೋಣೆಯಲ್ಲಿ ಒಬ್ಬರೇ ಇರಬೇಕು, ಸದ್ದು ಇರಬಾರದು, ಕರೆಂಟು ಹೋಗಬಾರದು. ಹಳ್ಳಿಯಲ್ಲಿ ಈ ಮೂರೂ ಒಟ್ಟಿಗೆ ಸಿಗುವುದು ಅಪರೂಪ. ತಿಪಟೂರಿನಲ್ಲಿ ಇನ್ವರ್ಟರ್ ಇರುವ ಚಿಕ್ಕಮ್ಮನ ಮನೆಯಲ್ಲಿ ಬರೆದೆ. ಅಮೆರಿಕದ ಕಾಲೇಜು ಪ್ರವೇಶಕ್ಕೆ ಎಸ್‌ಎಟಿ ಅಂತ ಒಂದು ಪರೀಕ್ಷೆ ಇದೆ, ಅದನ್ನು ನಾನು ಬರೆಯಲಿಲ್ಲ, ಅದು ಕಡ್ಡಾಯವಲ್ಲದ ಕಾಲೇಜುಗಳನ್ನೇ ಆರಿಸಿಕೊಂಡೆ. ಬೋಡನ್ ಕಾಲೇಜು 1969ರಿಂದಲೇ ಹೀಗೆ ಐಚ್ಛಿಕ ಮಾಡಿದೆ. ಕೆಲವು ದೊಡ್ಡ ವಿಶ್ವವಿದ್ಯಾಲಯಗಳು ಈಚೆಗೆ ಮತ್ತೆ ಕಡ್ಡಾಯ ಮಾಡಿವೆ, ನೋಡಿಕೊಳ್ಳಿ.

ಜನವರಿ ಮೊದಲ ವಾರದ ಗಡುವಿಗೆ ಅರ್ಜಿ ಕಳಿಸಿದೆ. ಕಾಮನ್ ಆ್ಯಪ್‌ನಲ್ಲಿ ಗಡುವು ಅಂದರೆ ನಮ್ಮೂರ ಗಡಿಯಾರದ ರಾತ್ರಿ 11:59. ಅಮೆರಿಕದ ಸಮಯ ಅಂದುಕೊಂಡು ಬೆಳಗಿನ ತನಕ ಬಿಟ್ಟರೆ ಕೆಟ್ಟಿತು.

ಆಮೇಲೆ ಕಾಯುವುದು. ಒಂದು ಕಡೆ ಎರಡನೇ ಪಿಯುಸಿ ಪರೀಕ್ಷೆಯ ಓದು, ಇನ್ನೊಂದು ಕಡೆ ಇಮೇಲ್ ತೆರೆದು ತೆರೆದು ನೋಡುವುದು. ನೆಂಟರು ಸಿಕ್ಕಿದ ಕಡೆಯೆಲ್ಲ, “ಆರ್ಟ್ಸ್ ಓದೋಕೆ ಅಮೆರಿಕ ಯಾಕೆ?” ಅಂತ ಕೇಳುವರು. ಅಮ್ಮನೇ ಉತ್ತರ ಹೇಳುತ್ತಿದ್ದರು, “ಅವಳು ನಮ್ಮ ಲೆಕ್ಕ ಓದೋಕೆ ಹೋಗ್ತಾಳೆ” ಅಂತ. ಫೆಬ್ರವರಿಯಲ್ಲಿ ಒಂದು ಕಾಲೇಜು ಹಣಕಾಸಿನ ಇನ್ನಷ್ಟು ಕಾಗದ ಕೇಳಿತು. ಇಂಥ ಇಮೇಲ್ ಬಂದರೆ ಎರಡು ಮೂರು ದಿನದಲ್ಲಿ ಉತ್ತರಿಸಿ. ಸ್ಪ್ಯಾಮ್ ಕೂಡ ನೋಡುತ್ತಿರಿ.

ಸಂದರ್ಶನ ಜೂಮ್‌ನಲ್ಲಿ, ಆ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬರ ಜೊತೆ. ಪ್ರಶಸ್ತಿಗಳ ಬಗ್ಗೆ ಒಂದು ಮಾತೂ ಇಲ್ಲ. ಲೆಕ್ಕ ಕೊಡಲು ಒಪ್ಪದ ಆ ಒಬ್ಬ ಸದಸ್ಯೆ ಯಾಕೆ ಬೇಡ ಅಂದಿರಬಹುದು, ಅವರಿಲ್ಲದೆ ನಿಮ್ಮ ಫಲಿತಾಂಶ ಎಷ್ಟು ವಾಲಿರಬಹುದು ಅಂತ ಕೇಳಿದರು. ಜಾಸ್ತಿ ಸಾಲ ಇದ್ದವರೇ ಹಿಂಜರಿಯುವುದು ಸಹಜ, ಹಾಗಾಗಿ ನಿಜವಾದ ಕಷ್ಟ ನನ್ನ ವರದಿಗಿಂತ ಹೆಚ್ಚಿರಬಹುದು ಅಂದೆ. ಆ ಸಂಭಾಷಣೆ ಮುಗಿಯುವಾಗ ಸೀಟು ಸಿಗಲಿ ಬಿಡಲಿ, ನನ್ನ ಕೆಲಸವನ್ನು ಒಬ್ಬರು ಗಂಭೀರವಾಗಿ ಓದಿದರು ಅನ್ನುವ ಸಂತೋಷ ಇತ್ತು.

ಒಂದೇ ದಾರಿ ನಂಬಿ ಕೂರಬಾರದು ಅಂತ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕಿದ್ದೆ. ಅಲ್ಲಿ ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ, ಮನೆಯ ಪರಿಸ್ಥಿತಿ ನೋಡಿ ಶುಲ್ಕ, ವಸತಿಗೆ ನೆರವು. ಸಮಾಜ ವಿಜ್ಞಾನ ಓದುವವರಿಗೆ ಅದು ಒಳ್ಳೆಯ ಜಾಗ. ಇದೇ ವರದಿಯನ್ನು ಅಲ್ಲಿಗೂ ತಗೊಂಡು ಹೋಗಿದ್ದೆ. ಅಮೆರಿಕದ ವಿಷಯ ಆಗದಿದ್ದರೆ ಅಲ್ಲಿ ಸೇರುತ್ತಿದ್ದೆ.

ಫಲಿತಾಂಶಗಳು ಬರುವುದು ಅಲ್ಲಿನ ಸಂಜೆ, ನಮ್ಮ ಬೆಳಗಿನ ಜಾವ. ನಾಲ್ಕೂವರೆಗೆ ಎದ್ದು ನೋಡಿದ ದಿನಗಳಲ್ಲಿ ಒಂದಾದ ಮೇಲೊಂದು ಇಲ್ಲ ಅನ್ನುವ ಪತ್ರ. ಅಳುವೂ ಬಂತು. ಸೀಟು ಕೊಟ್ಟ ಕಾಲೇಜಿನ ಪತ್ರವನ್ನು ನಾನು ಮೊದಲು ಓದಿದ್ದು ಕೊಟ್ಟಿಗೆಯಲ್ಲಿ, ಮೊಬೈಲ್‌ನಲ್ಲಿ. ಪ್ರವೇಶಾಧಿಕಾರಿ ಕೈಯಲ್ಲಿ ಬರೆದ ಎರಡು ಸಾಲಿನ ಚೀಟಿಯ ಚಿತ್ರ ಅದರ ಜೊತೆ ಇತ್ತು: ಹಾಲಿನ ದುಡ್ಡು, ಕೊಬ್ಬರಿ ದುಡ್ಡಿನ ಬಗ್ಗೆ ನೀವು ಮುಂದೆ ಏನು ಕಂಡುಹಿಡಿಯುತ್ತೀರಿ ಅಂತ ತಿಳಿಯಲು ಕಾಯುತ್ತಿದ್ದೇವೆ ಅಂತ. ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಆ ವಾರದ ಸಂಘದ ಸಭೆಯಲ್ಲಿ ಅವರು ಎಲ್ಲರಿಗೂ ಹೇಳಿದರು.

ಇನ್ನೂ ಕೆಲಸ ಬಾಕಿ ಇದೆ. ಮೇ 1ರೊಳಗೆ ಒಪ್ಪಿಗೆ ಕಳಿಸಬೇಕು. ಕಾಲೇಜಿನಿಂದ ಐ-20, ಅಂದರೆ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಪತ್ರ, ಬಂದ ಮೇಲೆ ವೀಸಾ ಅರ್ಜಿ, ಸಂದರ್ಶನಕ್ಕೆ ಚೆನ್ನೈ ಪ್ರಯಾಣ. ಎರಡನೇ ಪಿಯುಸಿಯ ಕೊನೆಯ ಅಂಕಪಟ್ಟಿಯನ್ನು ಪ್ರಿನ್ಸಿಪಾಲರೇ ಅಲ್ಲಿಗೆ ಕಳಿಸಬೇಕು. ಸೀಟು ಸಿಕ್ಕಿತು ಅಂತ ಓದು ಬಿಟ್ಟರೆ ಸೀಟು ವಾಪಸ್ ತಗೊಳ್ಳುವ ಹಕ್ಕು ಕಾಲೇಜಿಗಿದೆ. ಈ ಜೂನ್‌ಗೆ ಮೊದಲ ಪಿಯುಸಿ ಸೇರುವವರು ಈಗಲೇ ಒಂದು ನೋಟ್‌ಬುಕ್ ಇಟ್ಟು, ಮನೆಯ ಕೆಲಸ, ಊರ ಕೆಲಸ, ಓದಿದ್ದು, ಕೇಳಿದ್ದು ಎಲ್ಲವನ್ನೂ ದಿನಾಂಕ, ಗಂಟೆ ಸಮೇತ ಬರೆಯಲು ಶುರು ಮಾಡಿ. ಮುಂದಿನ ವರ್ಷದ ಆಗಸ್ಟ್‌ನಲ್ಲಿ ಆ ಪಟ್ಟಿಯ ಮುಂದೆ ಕೂತಾಗ ಅದೇ ಕೈಹಿಡಿಯುತ್ತದೆ.